ಉಭಯ ಕಕ್ಷಿದಾರರ ಮೋಡೆಮ್

ಇದು ನಡೆದದ್ದು. ನಡೆದದ್ದು ಅಂದರೆ ಹೀಗೇ, ಹೇಳಿದ ಹಾಗೇ ನಡೆದದ್ದು. ಇದರಲ್ಲಿ ಕೂದಲೆಳೆಯಷ್ಟು ಸುಳ್ಳಿದ್ದರೂ ನನ್ನ ನಾಲಿಗೆ ಫ್ರೇಮಣ್ಣನ ಗೋಂದು ಹಾಕಿ ಅಂಟಿಸಿದ ಹಾಗೆ ಅಲ್ಲೇ ಅಂಟಿಕೊಳ್ಳಲಿ. ಆ ಗೋಂದು ಎಂಥದ್ದು ಅಂತ ಸ್ವಲ್ಪ ಹೊತ್ತಿನಲ್ಲಿ ನಿಮಗೇ ಗೊತ್ತಾಗುತ್ತದೆ. ಗೋಡೆ ಇವತ್ತಿಗೂ ಇದೆ. ಗೋಡೆಯೊಳಗೆ ಪೆಟ್ಟಿಗೆಯೂ ಇದೆ. ನಂಬದವರು ಹೋಗಿ ತಟ್ಟಿ ನೋಡಬಹುದು. ಆ ಕಡೆಯಿಂದ ಬೈಗುಳ ಬಂದರೆ ಮಾತ್ರ ನಾನು ಜವಾಬ್ದಾರನಲ್ಲ.

ಫ್ರೇಮಣ್ಣ ಅಂದರೆ ಫೋಟೋಗಳಿಗೆ ಕಟ್ಟು ಹಾಕುವವನು. ಬದುಕಿರುವವರು ತಮ್ಮ ಫೋಟೋಗೆ ಕಟ್ಟು ಹಾಕಿಸುವುದು ಕಡಿಮೆ. ಹಾಗಾಗಿ ಅವನ ಅಂಗಡಿಯ ತುಂಬ ಸತ್ತವರೇ. ಒಂದು ಗೋಡೆ ತುಂಬ ತಾತಂದಿರು, ಇನ್ನೊಂದು ಗೋಡೆ ತುಂಬ ಅಜ್ಜಿಯರು, ಬಾಗಿಲ ಹಿಂದೆ ಕಟ್ಟು ಹಾಕಿಸಿ ಆಮೇಲೆ ಮನೆಯವರೇ ಮರೆತುಬಿಟ್ಟವರು. ಒಂದೇ ಒಂದು ಮಂಕು ಬಲ್ಬು. ಅದರ ಕೆಳಗೆ ಫ್ರೇಮಣ್ಣ, ಅವರೆಲ್ಲರ ಮುಖಭಾವವನ್ನೂ ಸ್ವಲ್ಪ ಸ್ವಲ್ಪ ಸಾಲ ತಂದವನ ಹಾಗೆ ಕೂತಿರುತ್ತಿದ್ದ. ಹೊಸ ಗಿರಾಕಿಗಳು ಒಮ್ಮೊಮ್ಮೆ ಅವನನ್ನೂ ಫೋಟೋ ಅಂತಲೇ ತಿಳಿದು, ಅವನ ಮೂಗಿನ ಮುಂದೆಯೇ ನಿಂತು "ಯಾರೂ ಇಲ್ವಾ ಅಂಗಡೀಲಿ?" ಅಂತ ಕೂಗುತ್ತಿದ್ದರು.

ಅವನ ತಮ್ಮ ಗಾಜಣ್ಣ. ಗಾಜು ಕೊಯ್ಯುವವನು. ಮೊದಲು ಇಬ್ಬರದೂ ಒಂದೇ ಅಂಗಡಿ, ಒಂದೇ ಮನೆ. ಅಣ್ಣ ಕಟ್ಟು ಹಾಕಿದರೆ ತಮ್ಮ ಗಾಜು ಕೂರಿಸುತ್ತಿದ್ದ. ಅಪ್ಪ ಹೋದಾಗ ಅಪ್ಪನ ಫೋಟೋಗೂ ಇಬ್ಬರೂ ಸೇರಿ ಕಟ್ಟು ಹಾಕಿದರು. ಗೋಡೆಗೆ ನೇತುಹಾಕಿ ನೋಡಿದರೆ ಅಪ್ಪನ ಮುಖ ಸೊಟ್ಟ. ಕಟ್ಟು ಸೊಟ್ಟ ಅಂದ ತಮ್ಮ. ಗಾಜು ಸೊಟ್ಟ ಅಂದ ಅಣ್ಣ. ಅಪ್ಪನ ಮುಖವೇ ಸೊಟ್ಟಗಿತ್ತು ಅನ್ನುವುದು ಬೀದಿಗೆಲ್ಲ ಗೊತ್ತಿತ್ತು, ಆದರೆ ಬಾಯಿಬಿಟ್ಟು ಹೇಳುವವರು ಯಾರು? ಮಾತಿಗೆ ಮಾತು ಬೆಳೆಯಿತು. ಅಂಗಡಿ ಎರಡಾಯಿತು. ಅಣ್ಣ ಗಾಜಿಲ್ಲದ ಕಟ್ಟು ಮಾರತೊಡಗಿದ, ತಮ್ಮ ಕಟ್ಟಿಲ್ಲದ ಗಾಜು. ಗಿರಾಕಿಗಳು ತಮ್ಮ ಸತ್ತವರನ್ನು ಕಂಕುಳಲ್ಲಿಟ್ಟುಕೊಂಡು ಆ ಅಂಗಡಿಯಿಂದ ಈ ಅಂಗಡಿಗೆ ಅಲೆಯಬೇಕಾಯಿತು. ಕೊನೆಗೆ ಮನೆಯ ಹಾಲಿನ ನಟ್ಟನಡುವೆ ಗೋಡೆ ಎದ್ದಿತು. ಬೀದಿಯ ಕೊನೆಯಲ್ಲಿದ್ದ ನಿವೃತ್ತ ಕೋರ್ಟು ಗುಮಾಸ್ತರು ನಿಂತು ಪಾಲು ಮಾಡಿಸಿದರು. ಫ್ರೇಮಣ್ಣ ತಾನೇ ದಾರ ಹಿಡಿದು, ಒಂದು ಇಟ್ಟಿಗೆ ಆಚೆ ಈಚೆ ಆಗದಂತೆ ಅಳೆದುಕೊಟ್ಟ. ಅವತ್ತಿನಿಂದ ಅಣ್ಣ ತಮ್ಮ ಒಂದು ಮಾತಾಡಿರಲಿಲ್ಲ.

ಇಷ್ಟೆಲ್ಲ ಗೊತ್ತಿಲ್ಲದ ಒಂದೇ ಒಂದು ಜೀವ ಅಂದರೆ ಅವರ ಅಕ್ಕ.

ಅಕ್ಕ ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದಳು. ತಾಯಿಯಿಲ್ಲದ ಈ ಇಬ್ಬರನ್ನೂ ಸಾಕಿದವಳು ಅವಳೇ. ಸಾಕಿದ್ದು ಕೈಯಿಂದ ಅನ್ನುವುದಕ್ಕಿಂತ ಬಾಯಿಂದ. ಬೆಳಿಗ್ಗೆ ಬೈದು ಎಬ್ಬಿಸಿ, ಬೈದು ಉಣ್ಣಿಸಿ, ಬೈದು ಮಲಗಿಸಿ ಆಳುದ್ದ ಮಾಡಿದ್ದಳು. ಅವಳಿಗೆ ಗೋಡೆಯ ವಿಷಯ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಫೋನು ಮಾಡಿದಾಗೆಲ್ಲ ಅಣ್ಣ "ತಮ್ಮ ಇಲ್ಲೇ ಪಕ್ಕದಲ್ಲೇ ಇದಾನಕ್ಕಾ" ಅನ್ನುತ್ತಿದ್ದ. ತಮ್ಮ "ಅಣ್ಣ ಇಲ್ಲೇ ಆಚೆ ಇದಾನಕ್ಕಾ" ಅನ್ನುತ್ತಿದ್ದ. ಎರಡೂ ಸುಳ್ಳಲ್ಲ, ನೋಡಿ.

ಮೋಡ ಕವಿದು ಬೀದಿಯೇ ಬೂದಿ ಬಣ್ಣವಾಗಿದ್ದ ಒಂದು ದಿನ ಅಕ್ಕನ ಮಗಳ ಫೋನು ಬಂತು.

"ಮಾವ, ಅಮ್ಮನ ಗಂಟಲಲ್ಲಿ ಗಡ್ಡೆ ಅಂತೆ. ಗುರುವಾರ ಬೆಳಿಗ್ಗೆ ಆಪರೇಷನ್. ಜೀವಕ್ಕೇನೂ ಭಯ ಇಲ್ಲ ಅಂದ್ರು ಡಾಕ್ಟ್ರು. ಆದ್ರೆ..."

"ಆದ್ರೆ ಏನಮ್ಮಾ?"

"ಆಮೇಲೆ ಮಾತು ಇರಲ್ವಂತೆ ಮಾವ. ದನಿ ಪೆಟ್ಟಿಗೇನೇ ತೆಗೀಬೇಕಂತೆ."

ಫ್ರೇಮಣ್ಣ ಸೊರ್ರನೆ ಮೂಗೆಳೆದುಕೊಂಡ. ಅಷ್ಟರಲ್ಲಿ ಆ ಕಡೆಯಿಂದ ಫೋನು ಕಿತ್ತುಕೊಂಡು ಅಕ್ಕನೇ ಬಂದಳು. ದನಿ ಆಗಲೇ ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು.

"ಏನೋ, ಅಳ್ತಿದ್ದೀಯಾ? ಅಳೋದನ್ನ ಆಮೇಲಿಟ್ಕೋ. ಗುರುವಾರ ಒಳಗೆ ಹೋಗೋಕೆ ಮುಂಚೆ ನಿಮ್ಮಿಬ್ರನ್ನೂ ಒಂದು ಸಲ ಸರಿಯಾಗಿ ಬೈಬೇಕು ನಾನು. ಆದ್ರೆ ಫೋನಲ್ಲಿ ಬರೀ ಕಿವಿಗೆ ಬೈದ್ರೆ ನಂಗೆ ತೃಪ್ತಿ ಇಲ್ಲ. ಬೈವಾಗ ಮುಖ ಹೆಂಗಾಗುತ್ತೆ ಅಂತ ನೋಡ್ಬೇಕು. ವಿಡಿಯೋದಲ್ಲಿ ಬನ್ನಿ. ಇಬ್ರೂ."

"ಅದಕ್ಕೇನಕ್ಕಾ, ನಮ್ಮನೇಲಿ ಬ್ರಾಡ್‌ಬ್ಯಾಂಡ್ ಇದೆಯಲ್ಲ, ದೊಡ್ಡದು!" ಅಂದುಬಿಟ್ಟ ಫ್ರೇಮಣ್ಣ.

ಬ್ರಾಡ್‌ಬ್ಯಾಂಡ್ ಎಲ್ಲಿತ್ತು? ಆ ಬೀದಿಯ ಮೊಬೈಲ್ ಸಿಗ್ನಲ್ಲಿನಲ್ಲಿ ಮಾತು ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಬಂದರೂ ಅರ್ಧ ಮೂಗು ಬಂದು ಅಲ್ಲೇ ನಿಂತುಬಿಡುತ್ತಿತ್ತು. ಫ್ರೇಮಣ್ಣ ಮರುದಿನವೇ ಓಡಾಡಿ ಲೈನು ಹಾಕಿಸಿದ. ಕಂಪನಿಯವನು ಬಂದ, ಕಿಟಕಿಯಿಂದ ವೈರು ಒಳಗೆ ಬಿಟ್ಟ, ಬಾಗಿಲಲ್ಲೇ ಒಂದು ಬಿಳಿ ಪೆಟ್ಟಿಗೆ ಕೈಗಿಟ್ಟ.

"ವೈಫೈಗೆ ಒಂದು ಹೆಸ್ರು ಹೇಳಿ ಸಾರ್, ಬೇಗ."

"ಅಣ್ಣನ ಭಾಗ ಅಂತ ಹಾಕಿ."

ಕಂಪನಿಯವನು ತನ್ನ ಫೋನಿನಲ್ಲಿ ಅದೇನೋ ಒತ್ತಿದ. "ಮಿಕ್ಕಿದ್ದೆಲ್ಲ ಒಳಗಿರೋ ಹಾಳೇಲಿದೆ, ಓದ್ಕೊಂಡು ಜೋಡಿಸ್ಕೊಳಿ. ತುಂಬ ಸುಲಭ." ಹಾಗೆಂದವನು ಬೈಕು ಹತ್ತಿದ. ಆಮೇಲೆ ಅವನನ್ನು ಆ ಬೀದಿಯಲ್ಲಿ ಕಂಡವರಿಲ್ಲ.

ಹಾಳೆ ಓದಿ ಹೇಳಲು ಗುಮಾಸ್ತರನ್ನು ಕರೆಸಬೇಕಾಯಿತು. ಗುಮಾಸ್ತರು ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಯಾರಿಗೋ ಶಿಕ್ಷೆ ಓದುವ ದನಿಯಲ್ಲಿ ಶುರುಮಾಡಿದರು.

"ಮೋಡೆಮ್. ಅಂದ್ರೆ ಹೊರಗಡೆ ಲೈನನ್ನ ಮನೆ ಒಳಗೆ ಕರ್ಕೊಂಡು ಬರೋದು. ರೂಟರ್. ಅಂದ್ರೆ ಹಾಗೆ ಬಂದಿದ್ದನ್ನ ಮನೇಲಿರೋರಿಗೆಲ್ಲ ಹಂಚೋದು."

"ಹಂಚೋದು ಬೇಡ" ಅಂದ ಫ್ರೇಮಣ್ಣ ಥಟ್ಟನೆ. "ಈ ಮನೇಲಿ ಹಂಚೋದೆಲ್ಲ ಆಗೋಗಿದೆ. ನೀವೇ ನಿಂತು ಮಾಡಿಸಿದ್ದಲ್ವಾ?"

"ಎರಡೂ ಒಂದೇ ಪೆಟ್ಟಿಗೇಲಿದೆ ಕಣಯ್ಯಾ."

"ಹಂಗಾದ್ರೆ ಆ ಅರ್ಧಕ್ಕೆ ಬಟ್ಟೆ ಮುಚ್ಚಿಡ್ತೀನಿ."

ಗುಮಾಸ್ತರು ಅದನ್ನು ಕೇಳಿಸಿಕೊಳ್ಳದವರ ಹಾಗೆ ಮುಂದುವರಿದರು. "ಬ್ಯಾಂಡ್‌ವಿಡ್ತ್. ಅಂದ್ರೆ ಲೈನು ಬರೋ ದಾರಿ ಅಗಲ."

"ಎಷ್ಟು ಇಂಚು?" ಫ್ರೇಮಣ್ಣ ಜೇಬಿನಿಂದ ಟೇಪು ಎಳೆದೇಬಿಟ್ಟ.

"ಅದು ಇಂಚಲ್ಲಿ ಬರಲ್ಲ. ಆಮೇಲೆ ಡೌನ್‌ಲೋಡ್ ಅಂದ್ರೆ ಆ ಕಡೆಯಿಂದ ಬರೋದು, ಅಪ್‌ಲೋಡ್ ಅಂದ್ರೆ ನಾವು ಕಳ್ಸೋದು. ಬರೋದು ಜೋರಾಗಿರುತ್ತೆ, ಹೋಗೋದು ನಿಧಾನ ಅಂತ ಬರ್ದಿದಾರೆ."

"ಸಾಕಾಗುತ್ತೆ ಬಿಡಿ" ಅಂದಳು ಫ್ರೇಮಣ್ಣನ ಹೆಂಡತಿ ಬಾಗಿಲಿಗೆ ಒರಗಿಕೊಂಡು. "ಅತ್ತಿಗೆ ಬೈಯೋದು ಡೌನ್‌ಲೋಡು. ಇವ್ರು ಹ್ಞೂಂ ಹ್ಞೂಂ ಅನ್ನೋದು ಅಪ್‌ಲೋಡು."

ಫ್ರೇಮಣ್ಣ ಗಂಭೀರವಾಗಿ ತಲೆಯಾಡಿಸಿದ. ಅರ್ಥವಾಗದಿದ್ದಾಗ ಅವನು ಇನ್ನೂ ಗಂಭೀರವಾಗುತ್ತಿದ್ದ. ಆದರೆ ಗುಮಾಸ್ತರು ಕೊನೆಯ ಸಾಲು ಓದಿದಾಗ ಮಾತ್ರ ಅವನ ಕಣ್ಣು ಅರಳಿತು.

"ಉತ್ತಮ ಸಂಪರ್ಕಕ್ಕಾಗಿ ಪೆಟ್ಟಿಗೆಯನ್ನು ಮನೆಯ ಮಧ್ಯಭಾಗದಲ್ಲಿ, ನೆಲದಿಂದ ಎತ್ತರದಲ್ಲಿ ಇಡತಕ್ಕದ್ದು."

ಮಧ್ಯಭಾಗ! ಜನ್ಮವಿಡೀ ಗೋಡೆಗೆ ಫೋಟೋ ನೇತುಹಾಕಿದವನಿಗೆ ಮಧ್ಯಭಾಗ ಹೇಳಿಕೊಡಬೇಕೆ? ಬೇರೆಯವರಾಗಿದ್ದರೆ ಅಂದಾಜಿಗೆ ಒಂದು ಕಪಾಟಿನ ಮೇಲೆ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಫ್ರೇಮಣ್ಣ ದಾರದುಂಡೆ ತಂದ.

"ಒಂದ್ನಿಮಿಷ" ಅಂದರು ಗುಮಾಸ್ತರು. "ಮನೆ ಅಂದ್ರೆ ಯಾವ್ದು? ನಿನ್ನ ಭಾಗಾನೋ, ಪೂರ್ತಿ ಮನೆಯೋ?"

"ಹಾಳೇಲಿ ಏನಿದೆ?"

"ಮನೆ ಅಂತಿದೆ. ಭಾಗ ಅಂತಿಲ್ಲ."

"ಮತ್ತೆ? ಇದ್ದದ್ದನ್ನ ಇದ್ದ ಹಂಗೆ ಮಾಡ್ಬೇಕು."

ಫ್ರೇಮಣ್ಣ ಬೀದಿಗಿಳಿದು ಇಡೀ ಮನೆಯನ್ನು ಆ ತುದಿಯಿಂದ ಈ ತುದಿಗೆ ಅಳೆದ. ತಮ್ಮನ ಕಿಟಕಿಯ ಮುಂದೆ ಹಾದು ಹೋಗುವಾಗ ಮುಖ ತಿರುಗಿಸಿಕೊಂಡು ಅಳೆದ. ಹಿಂಬದಿಯಿಂದ ಅಳೆದ. ಒಳಗೆ ಬಂದು ಲೆಕ್ಕ ಹಾಕಿ ನಡೆಯುತ್ತಾ ಹೋದವನು ಹಾಲಿನ ಗೋಡೆಗೆ ಹಣೆ ಬಡಿದು ನಿಂತ. ಮನೆಯ ಮಧ್ಯಭಾಗ ಆ ಗೋಡೆಯ ಒಳಗಿತ್ತು. ಇರದೆ ಏನು? ಕಟ್ಟಿಸುವಾಗ ಕೂದಲೆಳೆ ತಪ್ಪದಂತೆ ಮಧ್ಯಕ್ಕೇ ಕಟ್ಟಿಸಿದ್ದವನು ಅವನೇ ಅಲ್ಲವೆ?

"ಗೋಡೇಲೊಂದು ಗೂಡು ಮಾಡ್ತೀನಿ" ಅಂದ.

"ಗೋಡೆ ಇಬ್ರದ್ದೂ" ಅಂದರು ಗುಮಾಸ್ತರು.

"ನನ್ನ ಅರ್ಧ ಅಷ್ಟೇ ಕೆತ್ತೀನಿ."

ಕೆತ್ತುವಾಗ ಅವನು ಬಹಳ ಎಚ್ಚರವಾಗಿದ್ದ. ಒಂದೊಂದೇ ಏಟು, ಆಮೇಲೆ ಟೇಪು, ಆಮೇಲೆ ಇನ್ನೊಂದು ಏಟು. ಆದರೆ ಗೋಡೆ ಕಟ್ಟಿದ ಮೇಸ್ತ್ರಿಗೆ ಅಷ್ಟು ಎಚ್ಚರ ಇರಲಿಲ್ಲ ಅನ್ನಿಸುತ್ತದೆ. ಇದ್ದಕ್ಕಿದ್ದಂತೆ ಉಳಿ ಸರಕ್ಕನೆ ಒಳಗೆ ನುಗ್ಗಿತು, ಆ ಕಡೆ ಪಾತ್ರೆಗಳು ದಡಬಡನೆ ಬಿದ್ದವು, ತೂತಿನಿಂದ ಬೆಳಕು ಬಂತು. ಬೆಳಕಿನ ಹಿಂದೆಯೇ ತಮ್ಮನ ಹೆಂಡತಿಯ ಕಿರುಚಾಟ ಬಂತು.

"ಅಯ್ಯಯ್ಯೋ, ಗೋಡೆ ಬೀಳ್ತಿದೆ! ರೀ! ಎಲ್ಲಿ ಸತ್ತೋದ್ರಿ?"

ಆಗ ಮನುಷ್ಯನಿಗೆ ಏನು ತೋಚುತ್ತದೆ? ಕೈಗೆ ಸಿಕ್ಕಿದ್ದನ್ನು ತೂತಿಗೆ ತುರುಕುವುದು ತೋಚುತ್ತದೆ. ಕೈಗೆ ಸಿಕ್ಕಿದ್ದು ಮೋಡೆಮ್. ಅಳೆದು ಮಾಡಿದ ತೂತು, ಅಳೆದ ಹಾಗೇ ಕೂತಿತು. ಸುತ್ತ ತನ್ನ ಗೋಂದು ಸುರಿದ, ನಾಲ್ಕು ಪಟ್ಟಿ ಹೊಡೆದು ಅಚ್ಚುಕಟ್ಟಾಗಿ ಕಟ್ಟು ಹಾಕಿದ. ಆ ಗೋಂದು ಕಂಪನಿಯದಲ್ಲ, ಅವನೇ ಒಲೆಯ ಮೇಲಿಟ್ಟು ಕಾಯಿಸುತ್ತಿದ್ದದ್ದು. ಒಂದು ಸಲ ಹಿಡಿದರೆ ಮರ ಸೀಳುತ್ತದೆ, ಗೋಂದು ಬಿಡುವುದಿಲ್ಲ. ಅಜ್ಜನ ಫೋಟೋ ಬದಲಾಯಿಸಬೇಕೆಂದು ಬಂದವರು ಕೊನೆಗೆ ಅಜ್ಜನ ಮೇಲೇ ಅಜ್ಜಿಯನ್ನು ಅಂಟಿಸಿಕೊಂಡು ಹೋದದ್ದುಂಟು.

ಎಲ್ಲ ಮುಗಿಸಿ ವೈರು ಚುಚ್ಚಿ ಸ್ವಿಚ್ಚು ಹಾಕಿದ. ಈ ಕಡೆ ಏನೂ ಆಗಲಿಲ್ಲ. ಈ ಕಡೆ ಇದ್ದದ್ದು ಬರೀ ವೈರು ಚುಚ್ಚುವ ತೂತುಗಳು. ದೀಪ, ಗುಂಡಿ, ಪಾಸ್‌ವರ್ಡ್ ಬರೆದ ಚೀಟಿ, ಎಲ್ಲ ಇದ್ದ ಮುಖ, ತಮ್ಮ ತನ್ನ ಪಾಲಿನ ಅರ್ಧ ಹಾಲಿನಲ್ಲಿ ಮಾಡಿಕೊಂಡಿದ್ದ ಅಡುಗೆಮನೆಯ ಕಡೆಗಿತ್ತು.

ಅಲ್ಲಿ ಮತ್ತೊಮ್ಮೆ ಕಿರುಚಾಟ ಕೇಳಿಸಿತು. "ರೀ! ಗೋಡೆಗೆ ಕಣ್ಣು ಬಂದಿದೆ! ಕೆಂಪಗೆ ನೋಡ್ತಿದೆ!"

ಗಾಜಣ್ಣ ಬಂದು ನೋಡಿದ. ಕಣ್ಣಿನ ವಿಷಯ ಅವನಿಗೆ ಅಷ್ಟು ಕಿರಿಕಿರಿ ಮಾಡಲಿಲ್ಲ. ಆದರೆ ಅದೇ ಹೊತ್ತಿಗೆ ಅವನ ಫೋನು ಟಿಂಗ್ ಅಂತ ಹೊಸ ವೈಫೈ ಸಿಕ್ಕಿದೆ ಅಂದಿತು. ಹೆಸರು ನೋಡಿದ: ಅಣ್ಣನ ಭಾಗ. ಮಲಗುವ ಕೋಣೆಗೆ ಹೋಗಿ ನೋಡಿದ. ಅಲ್ಲೂ ಅಣ್ಣನ ಭಾಗ. ಬಚ್ಚಲಿಗೆ ಹೋದ. ಅಲ್ಲೂ, ಪೂರ್ತಿ ಕಡ್ಡಿ ತೋರಿಸುತ್ತಾ, ಅಣ್ಣನ ಭಾಗ!

ಅವನು ಧುಮುಗುಟ್ಟುತ್ತಾ ಬೀದಿಗೆ ಬಂದು ಗುಮಾಸ್ತರನ್ನು ತಡೆದ. "ನೋಡಿ ಸ್ವಾಮಿ, ನಿಮ್ಮೆದುರೇ ಪಾಲಾಗಿದ್ದು. ಇವತ್ತು ನನ್ನ ಬಚ್ಚಲಲ್ಲಿ ಅವ್ನ ಭಾಗ ಬಂದು ಕೂತಿದೆ. ಗೋಡೆ ತೂರ್ಕೊಂಡು ಬಂದಿದೆ. ಇದಕ್ಕೇನಂತೀರಿ?"

ಗುಮಾಸ್ತರು ಗದ್ದ ಕೆರೆದುಕೊಂಡರು. ಅವರ ಇಡೀ ಸರ್ವೀಸಿನಲ್ಲಿ ಕಣ್ಣಿಗೆ ಕಾಣದ ಒತ್ತುವರಿ ಒಂದೂ ಬಂದಿರಲಿಲ್ಲ. "ಪರಿಶೀಲನೆ ಮಾಡ್ಬೇಕಾಗುತ್ತೆ" ಅಂದರು.

ಈ ಕಡೆ ಫ್ರೇಮಣ್ಣನ ಪಾಡು ಬೇರೆ. ವಿಡಿಯೋ ಬರುತ್ತಿಲ್ಲ. ಆಗಲೇ ಬುಧವಾರ. ಹೆಂಡತಿಯ ಫೋನಿನಿಂದ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದ. ಸಂಗೀತ ಕೇಳಿದ. ಇನ್ನಷ್ಟು ಸಂಗೀತ ಕೇಳಿದ. ಕೊನೆಗೆ ಒಬ್ಬ ಹುಡುಗಿಯ ದನಿ ಬಂತು.

"ನಮಸ್ಕಾರ ಸರ್. ಇಂಟರ್ನೆಟ್ ಅಂತ ಬರ್ದಿರೋ ಲೈಟು ಯಾವ ಬಣ್ಣದಲ್ಲಿ ಉರೀತಿದೆ ಹೇಳಿ?"

"ಲೈಟು ನಂಗೆ ಕಾಣ್ಸಲ್ಲಮ್ಮಾ."

"ಮೋಡೆಮ್ ಮುಂದೆ ನಿಂತು ನೋಡಿ ಸರ್."

"ಮೋಡೆಮ್ ಮುಂಭಾಗ ತಮ್ಮನ ಮನೇಲಿದೆ."

"ಹಿಂಭಾಗ ಸರ್?"

"ಹಿಂಭಾಗ ನಮ್ಮನೇಲಿದೆ."

"ಪೆಟ್ಟಿಗೆ ತುಂಡಾಗಿದೆಯಾ ಸರ್?"

"ಪೆಟ್ಟಿಗೆ ತುಂಡಾಗಿಲ್ಲಮ್ಮಾ, ಮನೆ ತುಂಡಾಗಿದೆ."

"ತಮ್ಮನವರನ್ನ ಕೇಳಿ ಹೇಳ್ತೀರಾ ಸರ್?"

ಹೆಂಡತಿ ಅವನ ಮುಖ ನೋಡಿದಳು, ಗುಮಾಸ್ತರು ಚಾವಣಿ ನೋಡಿದರು. ಕೊನೆಗೆ ಗುಮಾಸ್ತರೇ ಚಪ್ಪಲಿ ಮೆಟ್ಟಿ ಹೊರಟರು. ಈ ಬಾಗಿಲಿಂದ ಇಳಿದು, ಬೀದಿ ಸುತ್ತಿ, ಆ ಬಾಗಿಲು ಹತ್ತಿ, ಅಡುಗೆಮನೆ ಹೊಕ್ಕು, ಕನ್ನಡಕ ಹಾಕಿ ನೋಡಿ, ಅದೇ ದಾರಿಯಲ್ಲಿ ವಾಪಸ್ಸು ಬಂದು ಏದುಸಿರಲ್ಲಿ ವರದಿ ಒಪ್ಪಿಸಿದರು.

"ಎರಡನೇ ಕಕ್ಷಿದಾರರ ಗೋಡೆಯಲ್ಲಿ... ಕೆಂಪು ದೀಪವೊಂದು... ಮಿಟುಕುತ್ತಿರುವುದು ಕಂಡುಬಂತು."

"ಕೆಂಪಾ? ಹಾಗಾದ್ರೆ ವೈರು ಬೇರೆ ತೂತಿಗೆ ಹಾಕಿ ಸರ್. ಈಗ?"

ಗುಮಾಸ್ತರು ಮತ್ತೆ ಇಳಿದರು. ಬೀದಿಯವರು ಬಾಗಿಲಿಗೆ ಬಂದು ನಿಂತರು. ಪಕ್ಕದ ಮನೆಯಾಕೆ ಒಣಗಿಸುವ ಬಟ್ಟೆ ಹಿಂಡುವುದನ್ನು ಬಿಟ್ಟು, "ಯಾರ್ಗೆ ಹುಷಾರಿಲ್ಲ ಗುಮಾಸ್ತ್ರೇ? ಡಾಕ್ಟ್ರಿಗೆ ಹೇಳ್ಲಾ?" ಅಂದಳು. ಹೋದರು, ನೋಡಿದರು, ಬಂದರು. ಬರುವಷ್ಟರಲ್ಲಿ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿಯಾಗಿತ್ತು. ಹೀಗೇ ಸುತ್ತಿ ಸುತ್ತಿ ಗುಮಾಸ್ತರು ಕೊನೆಗೆ ಬೀದಿಯ ಕಟ್ಟೆಯ ಮೇಲೆ ಕೂತೇಬಿಟ್ಟರು. "ನನ್ನಿಂದಾಗಲ್ಲ. ಈ ಕೇಸು ಮುಗಿಯೋದ್ರೊಳಗೆ ನಾನೇ ಫೋಟೋ ಆಗ್ತೀನಿ."

"ಈಗ ಯಾವ ಬಣ್ಣ ಸರ್?" ಅಂತ ಹುಡುಗಿ ಮತ್ತೆ ಕೇಳಿದಳು. ಫೋನು ಸ್ಪೀಕರಿನಲ್ಲಿತ್ತು. "ಸರ್, ಲೈನಲ್ಲಿದ್ದೀರಾ? ನಾನು ಕರೆ ಕಟ್ ಮಾಡ್ಬೇಕಾಗುತ್ತೆ ಸರ್."

ಆಗ ಗೋಡೆಯ ಒಳಗಿಂದ, ವರ್ಷಗಳಿಂದ ಕೇಳದಿದ್ದ ಒಂದು ದನಿ ಬಂತು.

"ಕೆಂಪು ಕಣೋ, ಕಿವುಡ! ಆಗಿಂದ ಕೆಂಪೇ ಇದೆ!"

ಫ್ರೇಮಣ್ಣ ವೈರು ಕಿತ್ತ. ಅದನ್ನು ಇನ್ನೊಂದು ತೂತಿಗೆ ಚುಚ್ಚಿದ. ಗೋಡೆಗೆ ಹೇಳಿದ: "ಈಗ?"

"ಕೆಂಪು."

"ಈಗ?"

"ಹಳದಿ ಬಂತು. ಹೋಯ್ತು. ಸರಿಯಾಗಿ ಒತ್ತೋ, ಯಾವತ್ತೂ ಅರ್ಧಂಬರ್ಧ ಕೆಲ್ಸ ನಿಂದು."

"ಅಕ್ಕಂಗೆ ನಾಳೆ ಆಪರೇಷನ್ನು. ಬಾಯಿ ಮುಚ್ಕೊಂಡು ನೋಡು."

"ನಂಗೂ ಗೊತ್ತು. ನಂಗೇನು ಅಕ್ಕ ಅಲ್ವಾ ಅವ್ಳು?"

ಹುಡುಗಿ ಹೇಳಿದಳು: ಮುಂದೆ ಒಂದು ಸೂಜಿ ತೂತಿದೆ, ಅದರೊಳಗೆ ಚುಚ್ಚಿ ಎಲ್ಲ ದೀಪ ಆರುವ ತನಕ ಹಿಡಿಯಿರಿ. ಗಾಜಣ್ಣ ಹೆಂಡತಿಯ ತಲೆಯಿಂದ ಹೇರ್‌ಪಿನ್ನು ಕಿತ್ತು ಚುಚ್ಚಿದ. ದೀಪಗಳೆಲ್ಲ ಆರಿದವು. ಒಂದೊಂದಾಗಿ ಮತ್ತೆ ಹತ್ತಿದವು.

"ಈಗ?"

"...ಹಸಿರು" ಅಂದ ಗಾಜಣ್ಣ. ಯಾರೋ ಸತ್ತ ಸುದ್ದಿ ಹೇಳುವ ದನಿಯಲ್ಲೇ ಹೇಳಿದ. ಆ ಮನೆತನದಲ್ಲಿ ಸಂತೋಷ ಹೇಳುವುದೂ ಹಾಗೇ.

ಇನ್ನು ಪಾಸ್‌ವರ್ಡ್. ಅದು ಇದ್ದ ಚೀಟಿ ಗಾಜಣ್ಣನ ಕಡೆ. ಅವನು ಹೇಳಲು ಒಪ್ಪಲಿಲ್ಲ. ಪಿನ್ನು ಚುಚ್ಚಿದ್ದಕ್ಕೆ ಅಣ್ಣನ ಭಾಗ ಅನ್ನುವ ಹೆಸರು ಅಳಿಸಿಹೋಗಿದೆ, ಇನ್ನು ಮುಂದೆ ತಮ್ಮನ ಭಾಗ ಅಂತಿರಲಿ ಅಂದ. ಫ್ರೇಮಣ್ಣ ವೈರು ಕಿತ್ತುಬಿಡುತ್ತೇನೆ ಅಂದ. ಕಟ್ಟೆಯ ಮೇಲೆ ಕೂತಿದ್ದ ಗುಮಾಸ್ತರು ನೀರು ಕುಡಿದು ಎದ್ದು ಬಂದು ಮಧ್ಯಸ್ಥಿಕೆ ಮಾಡಿದರು. ಇಬ್ಬರಿಗೂ ಪಾಸ್‌ವರ್ಡ್, ಇಬ್ಬರಿಗೂ ಲೈನು. ಹೆಸರು ಮಾತ್ರ ಅವರೇ ಇಟ್ಟರು. ಆ ದಿನದಿಂದ ಆ ಬೀದಿಯಲ್ಲಿ ಯಾರೇ ಫೋನು ತೆರೆದರೂ, ಮದುವೆಗೆ ಬಂದ ನೆಂಟರಾಗಲಿ, ಪೋಸ್ಟ್‌ಮ್ಯಾನೇ ಆಗಲಿ, ಅವರ ಫೋನಿನಲ್ಲಿ ಒಂದು ಹೆಸರು ಮೂಡುತ್ತದೆ: ಉಭಯ ಕಕ್ಷಿದಾರರು.

ಗುರುವಾರ ಬೆಳಿಗ್ಗೆ ಬೆಳಕು ಸರಿಯಾಗಿ ಹರಿಯಲೇ ಇಲ್ಲ. ಅಂಥ ಮೋಡ. ಇಬ್ಬರೂ ತಲೆ ಬಾಚಿ ಕೂತರು. ಅಣ್ಣ ಆ ಮನೆಗೆ ಹೋಗಲಾರ, ತಮ್ಮ ಈ ಮನೆಗೆ ಬರಲಾರ. ಹಾಗಾಗಿ ಎರಡು ಫೋನು, ಒಂದೇ ಕರೆ. ಸಿಗ್ನಲ್ಲು ಚೆನ್ನಾಗಿರಲಿ ಅಂತ ಇಬ್ಬರೂ ಗೋಡೆಗೇ ಬೆನ್ನು ಕೊಟ್ಟು ಕೂತರು. ಅಕ್ಕನಿಗೆ ಮಾತ್ರ ಗೋಡೆ ವಿಷಯ ಗೊತ್ತಾಗಬಾರದು, ಬೇರೆ ಬೇರೆ ರೂಮಿನಲ್ಲಿದ್ದೇವೆ ಅಂತ ಹೇಳುವುದು ಅಂತ ಗೋಡೆಯ ಮೂಲಕವೇ ಒಪ್ಪಂದವಾಗಿತ್ತು.

ಅಕ್ಕ ಬಂದಳು. ಆಸ್ಪತ್ರೆಯ ಹಸಿರು ಅಂಗಿ, ತಲೆಗೆ ಟೋಪಿ, ಮುಖ ಸಣ್ಣದಾಗಿತ್ತು. ಕಣ್ಣು ಮಾತ್ರ ಹಾಗೇ ಇದ್ದವು.

"ಏನೋ ದೊಡ್ಡೋನೆ, ಗಡ್ಡ ಬೋಳಿಸೋಕೂ ಪುರುಸೊತ್ತಿಲ್ವೇನೋ? ನಿನ್ನಂಗಡೀಲಿರೋ ಸತ್ತೋರೇ ವಾಸಿ, ನೀಟಾಗಿರ್ತಾರೆ. ಚಿಕ್ಕೋನೆ, ನೀನೇನೋ ಹಿಂಗೆ ತೆಳ್ಳಗಾಗಿದ್ದೀಯಾ, ನಿನ್ನ ಗಾಜಿನ ಥರ ಆಚೆ ಕಡೇದೆಲ್ಲ ಕಾಣ್ಸುತ್ತೆ. ಊಟ ಮಾಡ್ತೀಯೋ, ಬರೀ ಮುಖ ಊದಿಸ್ಕೊಂಡು ಓಡಾಡ್ತೀಯೋ?"

ಇಬ್ಬರಿಗೂ ಪರಮ ಸುಖವಾಯಿತು. "ಹ್ಞೂಂ ಅಕ್ಕಾ" ಅಂದ ಅಣ್ಣ. "ಹ್ಞೂಂ ಅಕ್ಕಾ" ಅಂದ ತಮ್ಮ. ಅಪ್‌ಲೋಡು ಚೆನ್ನಾಗಿ ಹೋಗುತ್ತಿತ್ತು. ಹಿಂದೆ ನಿಂತಿದ್ದ ಹೆಂಡತಿಯರು ಸೆರಗಿನಿಂದ ಮೂಗು ಒರೆಸಿಕೊಂಡರು.

"ಇರು" ಅಂದಳು ಅಕ್ಕ. ಫೋನು ಹತ್ತಿರ ತಂದು ನೋಡಿದಳು. "ದೊಡ್ಡೋನೆ, ನಿನ್ನ ಹಿಂದೆ ಗೋಡೇಲಿ ವೈರು ನೇತಾಡ್ತಿದೆ. ಚಿಕ್ಕೋನೆ, ನಿನ್ನ ಹಿಂದೆ ಗೋಡೇಲಿ ದೀಪ ಮಿಣುಕ್ತಿದೆ. ಏನೋ ಅದು?"

"ಮೋಡೆಮ್ ಅಕ್ಕಾ" ಅಂದರು ಇಬ್ಬರೂ.

"ಎರಡು ತಂದ್ರೇನೋ?"

"ಇಲ್ಲಕ್ಕಾ, ಒಂದೇ" ಅಂದ ಗಾಜಣ್ಣ. ಅಂದವನು ನಾಲಿಗೆ ಕಚ್ಚಿಕೊಂಡ.

ಅಕ್ಕ ತುಂಬ ಹೊತ್ತು ಮಾತಾಡಲಿಲ್ಲ. ಲೈನು ಹೋಯಿತೇನೋ ಅಂತ ಫ್ರೇಮಣ್ಣ ಫೋನು ಅಲ್ಲಾಡಿಸಿದ. ಹೋಗಿರಲಿಲ್ಲ.

"ಅಲ್ಲಿ ಹಾಲ್ ಇತ್ತಲ್ಲೋ" ಅಂದಳು ಕೊನೆಗೆ. "ನಿಮ್ಮಿಬ್ರನ್ನೂ ಅಟ್ಟಾಡಿಸ್ಕೊಂಡು ಹೊಡೀತಿದ್ದ ಹಾಲು. ಅಲ್ಲಿ ಗೋಡೆ ಎಲ್ಲಿಂದ ಬಂತೋ?"

ಅಷ್ಟೇ ಸಾಕಾಯಿತು. "ಅವ್ನು ಅಪ್ಪನ ಫೋಟೋಗೆ ಸೊಟ್ಟ ಗಾಜು ಹಾಕ್ದ ಅಕ್ಕಾ!" ಅಂತ ಒಬ್ಬ, "ಅವ್ನ ಕಟ್ಟೇ ಸೊಟ್ಟಗಿತ್ತಕ್ಕಾ!" ಅಂತ ಇನ್ನೊಬ್ಬ, ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನೆಲ್ಲ ಒಟ್ಟಿಗೇ ಉಗಿಯತೊಡಗಿದರು. ಫೋನಿನಲ್ಲೂ ಕೇಳುತ್ತಿತ್ತು, ಗೋಡೆಯ ಮೂಲಕವೂ ಕೇಳುತ್ತಿತ್ತು. ಒಂದೊಂದು ಬೈಗುಳ ಎರಡೆರಡು ಸಲ.

"ಬಾಯಿ ಮುಚ್ರೋ!" ಅಕ್ಕನ ದನಿ ಒಡೆಯಿತು. "ನಂಗೆ ಉಳ್ದಿರೋದೇ ನಾಲ್ಕು ಮಾತು. ಅದನ್ನೂ ನೀವೇ ಆಡ್ತಿದ್ದೀರಲ್ಲೋ!"

ಇಬ್ಬರೂ ಬಾಯಿ ಮುಚ್ಚಿದರು. ಅಕ್ಕನ ಹಿಂದೆ ಯಾರೋ ಬಿಳಿ ಬಟ್ಟೆಯವರು ಬಂದು ನಿಂತರು. ಅಕ್ಕ ಅವರಿಗೆ ಕೈ ಅಡ್ಡ ಹಿಡಿದಳು.

"ಆ ಫೋಟೋ ನಾನೂ ನೋಡಿದ್ದೀನಿ. ತಪ್ಪು ಯಾರದು ಅಂತ ನಂಗೊಬ್ಳಿಗೇ ಗೊತ್ತು. ಒಂದು ಸಲ ಹೇಳ್ತೀನಿ, ಇಬ್ರೂ ಕಿವಿಗೊಟ್ಟು ಕೇಳ್ಕೊಳಿ. ತಪ್ಪು ಪೂರ್ತಿ..."

ಲೈನು ಹೋಯಿತು.

ಫೋನಿನಲ್ಲಿ ಅಕ್ಕ ಬಾಯಿ ತೆರೆದ ಹಾಗೇ ನಿಂತಳು. ಆಮೇಲೆ ಅದೂ ಮಾಯ. ಈ ಕಡೆ ಫ್ರೇಮಣ್ಣನ ಮುಷ್ಟಿಯೊಳಗೆ ಕಿತ್ತುಬಂದ ವೈರಿತ್ತು. ಆ ಕಡೆ ಗಾಜಣ್ಣನ ಹೆಬ್ಬೆರಳು ಮೋಡೆಮ್ಮಿನ ಗುಂಡಿಯ ಮೇಲಿತ್ತು.

"ನೀವೇ ಕಿತ್ತಿದ್ದು! ನಾನು ಕಣ್ಣಾರೆ ನೋಡ್ದೆ!" ಅಂದಳು ಈ ಹೆಂಡತಿ.

"ಇಲ್ಲಕ್ಕಾ, ಇವ್ರು ಒತ್ತಿದ್ದು! ನಾನೂ ನೋಡ್ದೆ!" ಅಂದಳು ಆ ಹೆಂಡತಿ, ಗೋಡೆಯ ಆಚೆಯಿಂದ.

ಫ್ರೇಮಣ್ಣ ವೈರು ವಾಪಸ್ಸು ಚುಚ್ಚತೊಡಗಿದ. ತೂತು ಸಿಗಲಿಲ್ಲ. ಸಿಕ್ಕಿತು.

"ಈಗ?"

"ಕೆಂಪು."

"ಈಗ ನೋಡೋ."

"ಕೆಂಪು ಕಣೋ ಅಣ್ಣಾ."

ಹಸಿರು ಬರುವಷ್ಟರಲ್ಲಿ ಆ ಕಡೆ ಕರೆ ತೆಗೆದವಳು ಅಕ್ಕನ ಮಗಳು. ಅವಳ ಹಿಂದೆ ಖಾಲಿ ಹಾಸಿಗೆ. "ಅಮ್ಮನ್ನ ಒಳಗೆ ಕರ್ಕೊಂಡು ಹೋದ್ರು ಮಾವ" ಅಂದಳು. "ಬಾಗಿಲು ಹಾಕೋ ತನಕ ಹೇಳ್ತಾನೇ ಇದ್ಳು. ಏನು ಅಂತ ನಂಗೆ ಕೇಳಿಸ್ಲಿಲ್ಲ."

ಅಕ್ಕ ಬದುಕಿದಳು. ಡಾಕ್ಟರು ಹೇಳಿದ ಹಾಗೇ ಬದುಕಿದಳು, ಹೇಳಿದ ಹಾಗೇ ಮಾತು ಹೋಯಿತು. ಈಗ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಭಾನುವಾರ ಭಾನುವಾರ ಫೋನಿನಲ್ಲಿ ಬಂದು ಕೂರುತ್ತಾಳೆ. ಅಣ್ಣ ತಮ್ಮ ಗೋಡೆಯ ಆಚೆ ಈಚೆ ಕೂರುತ್ತಾರೆ. ಮೊದಮೊದಲು ಆ ನಿಶ್ಶಬ್ದ ತಡೆಯಲಾರದೆ ಇಬ್ಬರೂ ಅವಳ ಬದಲಿಗೆ ಒಬ್ಬರನ್ನೊಬ್ಬರು ಬೈದು ನೋಡಿದರು. ಆ ರುಚಿ ಬರಲಿಲ್ಲ.

ಒಂದು ದಿನ ಫ್ರೇಮಣ್ಣ ಧೈರ್ಯ ಮಾಡಿ ಕೇಳಿದ. "ಅಕ್ಕಾ, ಅವತ್ತು ಹೇಳ್ತಿದ್ಯಲ್ಲ, ತಪ್ಪು ಪೂರ್ತಿ ಅಂತ. ಯಾರದಕ್ಕಾ?"

ಮಗಳು ಪೆನ್ನು ಕಾಗದ ಕೊಡಲು ಬಂದಳು. ಅಕ್ಕ ಅದನ್ನು ದೂರ ತಳ್ಳಿದಳು. ಕಣ್ಣಲ್ಲಿ ಕಣ್ಣಿಟ್ಟು, ಬಲಗೈ ತೋರುಬೆರಳನ್ನು ನೇರ ಮುಂದಕ್ಕೆ ಚಾಚಿದಳು. ಹಾಗೇ ಹಿಡಿದಳು. ಇಳಿಸಲಿಲ್ಲ.

"ನೋಡ್ದೇನೋ? ನಿನ್ನ ಕಡೆ!" ಅಂದ ಅಣ್ಣ. ದನಿ ಯಾಕೋ ನಡುಗಿತು.

"ನಿನ್ನ ಕಡೆ ಕಣೋ!" ಅಂದ ತಮ್ಮ. ಅವನದೂ ನಡುಗಿತು.

ತೀರ್ಪಿಗೆ ಗುಮಾಸ್ತರನ್ನು ಕರೆದರು. ಗುಮಾಸ್ತರು ಕನ್ನಡಕ ಒರೆಸಿ ಹಾಕಿಕೊಂಡು, ಫೋನು ಹಿಡಿದು, ಸಾವಕಾಶವಾಗಿ ನೋಡಿದರು. ಮುಖ ಬಿಳಚಿಕೊಂಡಿತು. "ನಾನೇನಮ್ಮಾ ಮಾಡ್ದೆ? ಕೇಳಿದ್ರು, ಪಾಲು ಮಾಡಿಸ್ದೆ ಅಷ್ಟೇ!" ಅಂದು ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಮನೆಗೆ ಹೋದರು. ಆಮೇಲೆ ನೋಡಿದ ಪಕ್ಕದ ಮನೆಯಾಕೆ ಸಂಜೆಯವರೆಗೂ ಅತ್ತಳಂತೆ. ಯಾಕೆ ಅಂತ ಹೇಳಲೇ ಇಲ್ಲ.

ನಗುತ್ತಿದ್ದೀರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಇವತ್ತು ಭಾನುವಾರ, ಅಕ್ಕ ಈಗ ಫೋನಿನ ಮುಂದೆ ಕೂತಿರುವ ಹೊತ್ತು, ಅವಳ ನಂಬರು ನನ್ನ ಹತ್ತಿರ ಇದೆ. ಎಲ್ಲಿ, ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಹೇಳಿ ನೋಡೋಣ. ಬೆರಳು ಯಾರ ಕಡೆ ಇದೆ ಅಂತ ನೀವೇ ನೋಡಿ ಹೇಳುವಿರಂತೆ.

ಯಾಕೆ, ಸುಮ್ಮನಾಗಿಬಿಟ್ಟಿರಿ? ಹೇಳಿ, ಹೇಳಿ.